ಡುಕಾಟಿ 998 ಮತ್ತು 999: ರಸ್ತೆ ಸವಾರಿಗೆ ಎರಡು ತಲೆಮಾರುಗಳ ಆಯ್ಕೆ

ಇಟಲಿಯ ಡುಕಾಟಿ ಕಂಪನಿಯ 916 ಸರಣಿ ಮತ್ತು ಅದರ ಬೆನ್ನಿಗೇ ಬಂದ 999 ಸರಣಿ ಬೊಲೊನ್ಯಾ ನಗರದ ಬೋರ್ಗೊ ಪನಿಗಾಲೆ ಕಾರ್ಖಾನೆಯಲ್ಲಿ ತಯಾರಾದ ಎರಡು ತಲೆಮಾರಿನ ಸೂಪರ್‌ಬೈಕುಗಳು. ಮೊದಲನೆಯದು 1994ರಲ್ಲಿ ಮಾರುಕಟ್ಟೆಗೆ ಬಂದು 916, 996, 998 ಎಂದು ಮೂರು ಹಂತಗಳಲ್ಲಿ ಬೆಳೆಯಿತು. ಎರಡನೆಯದು 2003ರ ಮಾದರಿಯಾಗಿ ಅದರ ಜಾಗಕ್ಕೆ ಬಂತು. ಮೊದಲ ಸರಣಿಯ ಕೊನೆಯ ಕುಡಿಯಾದ 998ರ ಇಂಜಿನ್ನೇ ಹೆಚ್ಚುಕಡಿಮೆ ಹಾಗೆಯೇ 999ಕ್ಕೂ ದಾಟಿತು. ಆದ್ದರಿಂದ ಇವೆರಡರಲ್ಲಿ ಒಂದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಇಂಜಿನ್ನಿನ ಆಯ್ಕೆ ಅಷ್ಟಾಗಿ ಇರುವುದಿಲ್ಲ. ಅದೇ ಇಂಜಿನ್ನನ್ನು ಯಾವ ಬೈಕಿನ ಮೇಲೆ, ಹೇಗೆ ಕೂತು ಓಡಿಸಬೇಕು ಎಂಬುದೇ ಅವರ ಮುಂದಿರುವ ಪ್ರಶ್ನೆ.

ಡುಕಾಟಿ 1926ರಲ್ಲಿ ರೇಡಿಯೊ ಬಿಡಿಭಾಗಗಳ ಕಂಪನಿಯಾಗಿ ಶುರುವಾಯಿತು. ಎರಡನೆಯ ಮಹಾಯುದ್ಧದ ನಂತರ ಮೋಟಾರ್‌ಸೈಕಲ್ ತಯಾರಿಕೆಗೆ ಇಳಿಯಿತು. 1954ರಲ್ಲಿ ಸೇರಿದ ಎಂಜಿನಿಯರ್ ಫಾಬಿಯೊ ತಾಲಿಯೋನಿ ಕಂಪನಿಗೆ ಡೆಸ್ಮೊಡ್ರೋಮಿಕ್ ವಾಲ್ವ್ ವ್ಯವಸ್ಥೆಯನ್ನು ತಂದರು. ಸಾಮಾನ್ಯ ಇಂಜಿನ್ನಿನಲ್ಲಿ ವಾಲ್ವನ್ನು ಕ್ಯಾಮ್ ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಡೆಸ್ಮೊದಲ್ಲಿ ತೆರೆಯಲು ಒಂದು ರಾಕರ್, ಮುಚ್ಚಲು ಇನ್ನೊಂದು. ಎಷ್ಟು ವೇಗದಲ್ಲಿ ತಿರುಗಿದರೂ ವಾಲ್ವ್ ಹಿಡಿತ ತಪ್ಪುವುದಿಲ್ಲ. ಆದರೆ ಪ್ರತಿ ವಾಲ್ವಿಗೂ ಎರಡು ಕಡೆ ಸಂದು ಅಳೆದು ಸರಿಮಾಡಬೇಕಾಗುತ್ತದೆ. ಮುಂದೆ ಈ ಬೈಕುಗಳ ಸರ್ವಿಸ್ ಖರ್ಚಿನ ಮಾತೆಲ್ಲ ಹುಟ್ಟುವುದು ಇಲ್ಲಿಂದಲೇ.

1985ರಲ್ಲಿ ಕಾಸ್ತಿಲ್ಯೋನಿ ಸಹೋದರರ ಕಾಜಿವಾ ಕಂಪನಿ ಡುಕಾಟಿಯನ್ನು ಕೊಂಡಿತು. ಆ ವೇಳೆಗೆ ಡುಕಾಟಿಯ ಎಂಜಿನಿಯರ್ ಮಾಸಿಮೊ ಬೋರ್ದಿ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳ, ನೀರಿನಿಂದ ತಂಪಾಗುವ ಅವಳಿ ಸಿಲಿಂಡರ್ ಇಂಜಿನ್ನಿನ ಕೆಲಸದಲ್ಲಿ ತೊಡಗಿದ್ದರು. ಅದರಿಂದ 851, ಆಮೇಲೆ 888 ಬಂದವು. ರೇಮಂ ರೋಶ್ 1990ರಲ್ಲೂ ಡಗ್ ಪೋಲನ್ 1991 ಮತ್ತು 1992ರಲ್ಲೂ ಈ ಬೈಕುಗಳ ಮೇಲೆ ವಿಶ್ವ ಸೂಪರ್‌ಬೈಕ್ ಪ್ರಶಸ್ತಿ ಗೆದ್ದರು. ಆ ಕಾಲದ ನಿಯಮದಂತೆ ನಾಲ್ಕು ಸಿಲಿಂಡರಿನ ಬೈಕುಗಳಿಗೆ 750 ಸಿಸಿ ಮಿತಿಯಿದ್ದರೆ, ಎರಡು ಸಿಲಿಂಡರಿನವಕ್ಕೆ 1000 ಸಿಸಿವರೆಗೂ ಅವಕಾಶವಿತ್ತು. ಡುಕಾಟಿ ಈ ಅನುಕೂಲವನ್ನು ಚೆನ್ನಾಗಿಯೇ ಬಳಸಿಕೊಂಡಿತು.

916 ಮೊದಲು ಕಾಣಿಸಿಕೊಂಡದ್ದು 1993ರ ಕೊನೆಯಲ್ಲಿ, ಮಿಲಾನ್ ಪ್ರದರ್ಶನದಲ್ಲಿ. ರೂಪಿಸಿದವರು ಬಿಮೋಟಾ ಕಂಪನಿಯ ಸಂಸ್ಥಾಪಕರಲ್ಲೊಬ್ಬರಾದ ಮಾಸಿಮೊ ತಂಬುರಿನಿ. ಸನ್ ಮರಿನೊದಲ್ಲಿದ್ದ ಕಾಜಿವಾ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ಇದನ್ನು ಸಿದ್ಧಪಡಿಸಿತ್ತು. ಸೀಟಿನ ಕೆಳಗೆ ಹೊಕ್ಕು ಹಿಂದಕ್ಕೆ ಬಾಯಿ ತೆರೆದ ಎರಡು ಸೈಲೆನ್ಸರ್, ಹಿಂಚಕ್ರವನ್ನು ಒಂದೇ ಬದಿಯಿಂದ ಹಿಡಿದ ಸ್ವಿಂಗ್‌ಆರ್ಮ್, ಅಕ್ಕಪಕ್ಕದ ಎರಡು ಕಿರಿದಾದ ಹೆಡ್‌ಲೈಟ್, ಉಕ್ಕಿನ ಕೊಳವೆಗಳ ಜಾಲರಿ ಚಾಸಿ. ಇವೆಲ್ಲ ಒಂದೇ ಮೈಯಾಗಿ ಕೂಡಿಕೊಂಡ ಬೈಕು ಅದಕ್ಕೆ ಮುಂಚೆ ಬಂದಿರಲಿಲ್ಲ ಎಂದರೆ ತಪ್ಪಾಗದು. 1998ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂ ಮೋಟಾರ್‌ಸೈಕಲ್ ಕಲೆಯ ಪ್ರದರ್ಶನ ನಡೆಸಿದಾಗ 916ಕ್ಕೂ ಅಲ್ಲಿ ಜಾಗ ಸಿಕ್ಕಿತು. ರೇಸಿನಲ್ಲಿ ಕಾರ್ಲ್ ಫೋಗರ್ಟಿ 1994, 1995, 1998, 1999ರಲ್ಲಿ, ಟ್ರಾಯ್ ಕೋರ್ಸರ್ 1996ರಲ್ಲಿ, ಟ್ರಾಯ್ ಬೇಲಿಸ್ 2001ರಲ್ಲಿ ಈ ಸರಣಿಯ ಬೈಕುಗಳ ಮೇಲೆ ವಿಶ್ವ ಚಾಂಪಿಯನ್ನರಾದರು.

ಇಂಜಿನ್ನೂ ಜೊತೆಜೊತೆಗೆ ಬೆಳೆಯಿತು. 916ರಲ್ಲಿ ಸಿಲಿಂಡರಿನ ವ್ಯಾಸ 94 ಮಿ.ಮೀ., ಪಿಸ್ಟನ್ನಿನ ಓಟ 66 ಮಿ.ಮೀ. ಇತ್ತು. 1999ರ 996ರಲ್ಲಿ ವ್ಯಾಸ 98ಕ್ಕೆ ಏರಿತು. 2002ರ 998ಕ್ಕೆ ಟೆಸ್ಟಾಸ್ಟ್ರೆಟ್ಟಾ ಎಂಬ ಹೊಸ ಇಂಜಿನ್ ಬಂತು: ವ್ಯಾಸ 100, ಓಟ 63.5 ಮಿ.ಮೀ.; ವಾಲ್ವುಗಳ ನಡುವಣ ಕೋನ 40 ಡಿಗ್ರಿಯಿಂದ 25ಕ್ಕೆ ಇಳಿದು ಸಿಲಿಂಡರ್ ಹೆಡ್ ಕಿರಿದಾಯಿತು. ಕಂಪನಿ ಹೇಳಿದ ಶಕ್ತಿ 123 ಅಶ್ವಶಕ್ತಿ.

999 ಬಂದಾಗ ಅಭಿಮಾನಿಗಳು ಸಿಟ್ಟಾದರು. ಅದರ ವಿನ್ಯಾಸಕ ದಕ್ಷಿಣ ಆಫ್ರಿಕಾದ ಪಿಯರ್ ತೆರ್ಬ್ಲಾಂಚ್. ಸೂಪರ್‌ಮೋನೊ, ಎಂಎಚ್900ಇ ಬೈಕುಗಳಿಂದ ಅವರು ಆಗಲೇ ಹೆಸರು ಮಾಡಿದ್ದರು. ಅಕ್ಕಪಕ್ಕದ ಹೆಡ್‌ಲೈಟುಗಳು ಇಲ್ಲಿ ಒಂದರ ಮೇಲೊಂದು ಕೂತವು. ಒಂಟಿ ಬದಿಯ ಸ್ವಿಂಗ್‌ಆರ್ಮ್ ಹೋಗಿ ಎರಡು ಬದಿಯದು ಬಂತು. ಅವಳಿ ಸೈಲೆನ್ಸರಿನ ಬದಲು ಸೀಟಿನಡಿ ಒಂದೇ ಪೆಟ್ಟಿಗೆ ಬಂತು. ತಂಬುರಿನಿಯ ರೂಪಕ್ಕೆ ಒಲಿದಿದ್ದವರಿಗೆ ಇದು ಸಹಿಸಲಾಗದ ಬದಲಾವಣೆ. ವಿಮರ್ಶೆಗಳ ಮಾತು ಮುಖದ ಸುತ್ತಲೇ ಸುತ್ತಿದ್ದರಿಂದ ಸವಾರನಿಗಾಗಿ ಮಾಡಿದ ಕೆಲಸ ಬಹಳ ವರ್ಷ ಲೆಕ್ಕಕ್ಕೆ ಬರಲಿಲ್ಲ. ಇದು 999ಕ್ಕೆ ಆದ ಅನ್ಯಾಯವೇ ಸರಿ. ರೇಸ್ ಟ್ರ್ಯಾಕಿನಲ್ಲಿ ಅದು ಹಿಂದೆ ಬೀಳಲಿಲ್ಲ: 2003ರಲ್ಲಿ ನೀಲ್ ಹಾಡ್ಜ್‌ಸನ್, 2004ರಲ್ಲಿ ಜೇಮ್ಸ್ ಟೋಸ್‌ಲ್ಯಾಂಡ್, 2006ರಲ್ಲಿ ಬೇಲಿಸ್ ವಿಶ್ವ ಪ್ರಶಸ್ತಿ ಗೆದ್ದರು. ಮಾರಾಟದ ಕಥೆ ಬೇರೆ. 2006ರ ಕೊನೆಯಲ್ಲಿ ತೋರಿಸಿದ 1098ರಲ್ಲಿ ಅಕ್ಕಪಕ್ಕದ ಹೆಡ್‌ಲೈಟು, ಒಂಟಿ ಬದಿಯ ಸ್ವಿಂಗ್‌ಆರ್ಮ್, ಅವಳಿ ಸೈಲೆನ್ಸರ್ ಮೂರೂ ಮರಳಿದವು. 160 ಅಶ್ವಶಕ್ತಿಯ ಆ ಬೈಕು ಬಂದ ಮೇಲೆ 999 ಹಳತೂ ಆಯಿತು, ಅಗ್ಗವೂ ಆಯಿತು. 916 ಸರಣಿ ಮಾತ್ರ ಸಂಗ್ರಹಕಾರರ ಕೈಗೆ ಸೇರುತ್ತ ದುಬಾರಿಯಾಯಿತು.

ರಸ್ತೆಗೆ ಇಳಿದಾಗ ಎರಡರ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. 916 ಸರಣಿಯಲ್ಲಿ ಸೀಟು ಎತ್ತರ, ಟ್ಯಾಂಕ್ ಉದ್ದ, ಹ್ಯಾಂಡಲ್ ಬಹಳ ಕೆಳಗೆ. ದೇಹದ ಭಾರ ಅಂಗೈಗೆ ಬೀಳುತ್ತದೆ. ವೇಗದಲ್ಲಿ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುವುದರಿಂದ ಕೈಗೆ ಬಿಡುವು ಸಿಗುತ್ತದೆ. ಊರೊಳಗಿನ ನಿಧಾನಗತಿಯಲ್ಲಿ ಆ ಬಿಡುವಿಲ್ಲ. ಹ್ಯಾಂಡಲ್ ಹೆಚ್ಚು ತಿರುಗದು. ಇಕ್ಕಟ್ಟಿನ ರಸ್ತೆಯಲ್ಲಿ ಯು ಟರ್ನ್ ತೆಗೆದುಕೊಳ್ಳುವಾಗ ಹೆಬ್ಬೆರಳು ಹ್ಯಾಂಡಲಿಗೂ ಫೇರಿಂಗಿಗೂ ನಡುವೆ ಸಿಕ್ಕಿಕೊಳ್ಳುವುದುಂಟು. ಕನ್ನಡಿಯಲ್ಲಿ ಹಿಂದಿನ ವಾಹನಕ್ಕಿಂತ ಸವಾರನ ಮೊಣಕೈಯೇ ಹೆಚ್ಚು ಕಾಣುತ್ತದೆ. ಸೈಡ್ ಸ್ಟ್ಯಾಂಡಿನದು ಇನ್ನೊಂದು ಕಾಟ. ಬೈಕಿನ ಭಾರ ತುಸು ಎತ್ತಿದರೂ ಅದು ತಾನಾಗಿ ಮಡಚಿಕೊಳ್ಳುತ್ತದೆ. ನಿಲ್ಲಿಸಿದ ಬೈಕು ಮಗ್ಗುಲಿಗೆ ಬಿದ್ದು ಫೇರಿಂಗ್ ಒಡೆದುಕೊಂಡ ಉದಾಹರಣೆಗಳಿಗೆ ಕೊರತೆಯಿಲ್ಲ. ಎಷ್ಟೋ ಮಾಲೀಕರು ಇದನ್ನು ತೆಗೆಸಿ, ತಾನಾಗಿ ಮಡಚದ ಸ್ಟ್ಯಾಂಡ್ ಹಾಕಿಸಿದ್ದಾರೆ. ಕೊಳ್ಳುವಾಗ ಹಾಗೆ ಬದಲಾಯಿಸಿರುವುದು ಕಂಡರೆ ಅದು ಒಳ್ಳೆಯ ಲಕ್ಷಣ.

999ರಲ್ಲಿ ಸವಾರ ಸ್ವಲ್ಪ ಕೆಳಗೆ, ಬೈಕಿನ ಒಳಗೆ ಇಳಿದಂತೆ ಕೂರುತ್ತಾನೆ. ಒಂಟಿ ಸೀಟಿನ ಮಾದರಿಯಲ್ಲಿ ಟ್ಯಾಂಕ್ ಮತ್ತು ಸೀಟನ್ನು 20 ಮಿ.ಮೀ.ನಷ್ಟು ಹಿಂದೆಮುಂದೆ ಸರಿಸಬಹುದು. ಫುಟ್‌ರೆಸ್ಟನ್ನು ಐದು ಜಾಗಗಳಲ್ಲಿ ಒಂದಕ್ಕೆ ಕೂರಿಸಬಹುದು. ಗಿಡ್ಡ ಮತ್ತು ಎತ್ತರದ ಸವಾರರಿಬ್ಬರಿಗೂ ಒಂದೇ ಬೈಕು ಒಗ್ಗುವಂತೆ ಮಾಡಿದ ಈ ಏರ್ಪಾಡು ಆ ಕಾಲದ ಸೂಪರ್‌ಬೈಕುಗಳಲ್ಲಿ ಅಪರೂಪ. ಸ್ವಿಂಗ್‌ಆರ್ಮ್ 998ರದಕ್ಕಿಂತ 15 ಮಿ.ಮೀ. ಹೆಚ್ಚು ಉದ್ದವಾದ್ದರಿಂದ ಗ್ಯಾಸ್ ಕೊಟ್ಟು ತಿರುವಿನಿಂದ ಹೊರಬರುವಾಗ ಹಿಂಬದಿ ಸ್ಥಿರವಾಗಿ ನಿಲ್ಲುತ್ತದೆ. 998 ತಿರುವಿನಲ್ಲಿ ಒಮ್ಮೆ ವಾಲಿದ ಮೇಲೆ ಕಲ್ಲಿನಂತೆ ಅಲುಗದು. ಆದರೆ ವಾಲಿಸಲು ಶ್ರಮ ಹೆಚ್ಚು ಬೇಕು. ಒಂದು ತಾಪತ್ರಯ ಎರಡಕ್ಕೂ ಇದೆ: ಸೀಟಿನಡಿಯ ಸೈಲೆನ್ಸರಿನಿಂದಾಗಿ ಬಿಸಿಲಿನ ಟ್ರಾಫಿಕ್ಕಿನಲ್ಲಿ ತೊಡೆ ಕಾಯುತ್ತದೆ. ಮೊದಲ ಗೇರ್ ಊರಿನ ವೇಗಕ್ಕೆ ಉದ್ದವಾಯಿತು ಎಂದು ಮುಂದಿನ 15 ಹಲ್ಲಿನ ಸ್ಪ್ರಾಕೆಟ್ ತೆಗೆದು 14 ಹಲ್ಲಿನದು ಹಾಕಿಸುವುದೂ ಎರಡೂ ಬೈಕಿನವರ ವಾಡಿಕೆ. ಕಡಿಮೆ ಖರ್ಚಿನಲ್ಲಿ ರಸ್ತೆ ಸವಾರಿಗೆ ಇಷ್ಟು ಉಪಕಾರವಾಗುವ ಬದಲಾವಣೆ ಬೇರೆ ಇಲ್ಲ. ನ್ಯೂಟ್ರಲ್‌ನಲ್ಲಿ ಡ್ರೈ ಕ್ಲಚ್ಚಿನ ಗಲಗಲ ಸದ್ದು ಕೇಳಿ ಇಂಜಿನ್ ಕೆಟ್ಟಿದೆ ಎಂದು ಹೊಸಬರು ಹೆದರುವುದುಂಟು. ಅದು ಕ್ಲಚ್ಚಿನ ಪ್ಲೇಟುಗಳ ಸಹಜ ಸದ್ದು. ಲಿವರ್ ಹಿಡಿದಾಗ ಅದರ ಬಗೆ ಬದಲಾಗುತ್ತದೆ.

ನಿಜವಾದ ಅಪಾಯ ಇರುವುದು ಸರ್ವಿಸ್ ತಪ್ಪಿಸಿದ ಬೈಕಿನಲ್ಲಿ. ಕ್ಯಾಮ್‌ಗಳನ್ನು ತಿರುಗಿಸುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಬೈಕು ಓಡದೆ ಶೆಡ್ಡಿನಲ್ಲೇ ನಿಂತಿದ್ದರೂ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಬೆಲ್ಟ್ ಹರಿದರೆ ಪಿಸ್ಟನ್ ವಾಲ್ವಿಗೆ ಬಡಿದು ಇಂಜಿನ್ ಹಾಳಾಗುತ್ತದೆ. ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ತೋರಿಸುವ, ವರ್ಷಗಟ್ಟಲೆ ನಿಂತ ಬೈಕಿಗಿಂತ ಹೆಚ್ಚು ಓಡಿ ರಸೀದಿಗಳನ್ನೆಲ್ಲ ಜೋಪಾನ ಮಾಡಿದ ಬೈಕೇ ಮೇಲು ಎನ್ನುವುದು ಇದರಿಂದ. ವಾಲ್ವಿನ ಸಂದನ್ನು 10,000 ಕಿ.ಮೀ.ಗೊಮ್ಮೆ ನೋಡಿಸಬೇಕು. ಎಂಟು ವಾಲ್ವು, ಪ್ರತಿಯೊಂದಕ್ಕೂ ತೆರೆಯುವ ಮತ್ತು ಮುಚ್ಚುವ ಎರಡು ಅಳತೆ, ಒಟ್ಟು ಹದಿನಾರು. 916 ಮತ್ತು 996ರ ಹಳೆಯ ಇಂಜಿನ್ನುಗಳಲ್ಲಿ ರಾಕರಿನ ಮೈಮೇಲಿನ ಕ್ರೋಮ್ ಲೇಪ ಚಕ್ಕೆಯಾಗಿ ಏಳುವುದು ಹೆಸರಾದ ದೋಷ. ವಾಲ್ವಿನ ಮುಚ್ಚಳ ಬಿಚ್ಚಿ, ಕ್ಯಾಮ್ ಉಜ್ಜುವ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಹೊಳಪಿನ ನಡುವೆ ಮಂಕಾದ ಗುಳಿಗಳು ಕಾಣುತ್ತವೆ. ಒಮ್ಮೆ ಶುರುವಾದರೆ ಕ್ಯಾಮೂ ಸವೆಯುತ್ತದೆ. ಈ ಸರಣಿಯಲ್ಲಿ ಚಾರ್ಜಿಂಗ್ ರೆಗ್ಯುಲೇಟರ್ ಸುಡುವುದೂ ಸಾಮಾನ್ಯವಾದ್ದರಿಂದ ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ ಅಳೆದು ನೋಡುವುದು ವಾಡಿಕೆ.

ಚಂದಕ್ಕಾಗಿ, ಭಾನುವಾರದ ಬೆಟ್ಟದ ರಸ್ತೆಗಾಗಿ, ಇಟ್ಟುಕೊಂಡಷ್ಟೂ ಬೆಲೆ ಏರುವ ವಸ್ತುವಿಗಾಗಿ ಕೊಳ್ಳುವವರಿಗೆ 998 ಸರಿ. 916ರ ರೂಪವೂ ಹೊಸ ಇಂಜಿನ್ನೂ ಒಟ್ಟಿಗೆ ಸಿಗುವುದು ಅದರಲ್ಲೇ. ತಿಂಗಳುಗಟ್ಟಲೆ ಓಡಿಸಿ, ದೂರದ ಊರಿಗೂ ಹೋಗಿಬರುವ ಸವಾರನಿಗೆ 999 ವಾಸಿ. ಅದರಲ್ಲೂ 2005ರ ನಂತರದ್ದನ್ನು ಹುಡುಕುವುದು ಲೇಸು. ಆ ವರ್ಷ ಫೇರಿಂಗನ್ನೂ ಸ್ವಿಂಗ್‌ಆರ್ಮನ್ನೂ ತಿದ್ದಿದರು. ಸಾಮಾನ್ಯ 999ರ ಶಕ್ತಿ 124ರಿಂದ 140 ಅಶ್ವಶಕ್ತಿಗೆ ಏರಿತು. ರೇಸಿಗೆ ಅರ್ಹತೆ ಪಡೆಯಲು ತಯಾರಿಸಿದ 999ಆರ್ ಇನ್ನೂ ಬಲವಾದದ್ದು, ಆದರೆ ಅದರ ಬೆಲೆ ಈಗ ಸಂಗ್ರಹಕಾರರ ಮಟ್ಟದ್ದು. 749 ಇದೇ ಮೈಕಟ್ಟಿನ ಚಿಕ್ಕ ಇಂಜಿನ್ನಿನ ಬೈಕು. ರಸ್ತೆಗೆ ಅದರ ಶಕ್ತಿಯೂ ಸಾಲುತ್ತದೆ, ಆದರೆ ಬೆಲ್ಟು, ವಾಲ್ವುಗಳ ಸರ್ವಿಸ್ ಕೆಲಸ ಒಂದಿಷ್ಟೂ ಕಡಿಮೆಯಾಗುವುದಿಲ್ಲ.