ಮನೆ ಎಣಿಸಿ ಹೂ ಅರಳಿಸಿದ ಬರ್ಲಿನ್ ಕಸೂತಿ

ಕ್ಯಾನ್ವಾಸ್ ಎಂದರೆ ಜಾಲರಿಯಂತೆ ಸಮನಾದ ರಂಧ್ರಗಳಿರುವ ಗಡುಸು ಬಟ್ಟೆ. ಮೊನೆ ಮೊಂಡಾದ ಸೂಜಿಗೆ ಉಣ್ಣೆ ದಾರ ಪೋಣಿಸಿ, ಒಂದು ರಂಧ್ರದಿಂದ ಮೇಲಕ್ಕೆ ತಂದು, ಬಲಗಡೆ ಓರೆಯಾಗಿ ಮೇಲಿರುವ ರಂಧ್ರದಲ್ಲಿ ಇಳಿಸಿದರೆ ಒಂದು ಹೊಲಿಗೆ ಮುಗಿಯಿತು. ಇದಕ್ಕೆ 'ಟೆಂಟ್ ಹೊಲಿಗೆ' ಎಂದು ಹೆಸರು. ಕಲಿಯಲು ಹೆಚ್ಚು ಹೊತ್ತು ಬೇಡ. ಕಷ್ಟವಿರುವುದು ಯಾವ ರಂಧ್ರಕ್ಕೆ ಯಾವ ಬಣ್ಣ ಎಂದು ತಿಳಿಯುವುದರಲ್ಲಿ. ಯುರೋಪಿನಲ್ಲಿ ಬಹುಕಾಲ ಇದಕ್ಕೆ ಚಿತ್ರಕಾರನ ನೆರವು ಬೇಕಾಗುತ್ತಿತ್ತು.

ಸ್ಕಾಟ್ಲೆಂಡಿನ ರಾಣಿ ಮೇರಿಯ ಉದಾಹರಣೆಯನ್ನೇ ನೋಡಬಹುದು. 1569ರಿಂದ ಇಂಗ್ಲೆಂಡಿನ ಶ್ರೂಸ್‌ಬರಿ ಅರ್ಲ್‌ನ ಕಾವಲಿನಲ್ಲಿ ಸೆರೆಯಲ್ಲಿದ್ದ ಆಕೆ, ಅರ್ಲ್‌ನ ಪತ್ನಿ ಬೆಸ್ ಜೊತೆಗೂಡಿ ಕ್ಯಾನ್ವಾಸಿನ ಮೇಲೆ ಪ್ರಾಣಿಪಕ್ಷಿಗಳನ್ನು ಹೊಲಿದಳು. ಸ್ವಿಸ್ ವಿಜ್ಞಾನಿ ಗೆಸ್ನರ್‌ನ ಪುಸ್ತಕದ ಚಿತ್ರಗಳೇ ಅವುಗಳಲ್ಲಿ ಹಲವಕ್ಕೆ ಮಾದರಿ. ಆ ಚಿತ್ರಗಳನ್ನು ಮೊದಲು ಬಟ್ಟೆಯ ಮೇಲೆ ಬರೆಯಬೇಕಿತ್ತು, ಆಮೇಲೆ ಸೂಜಿಯ ಕೆಲಸ. ಪುಸ್ತಕ, ಚಿತ್ರಕಾರ, ಬಿಡುವು ಮೂರೂ ಅರಮನೆಯವರಿಗೆ ಸಿಗುತ್ತಿದ್ದವು. ಸಾಮಾನ್ಯ ಗೃಹಿಣಿಗೆ?

ಉತ್ತರ ಬಂದದ್ದು ಜರ್ಮನಿಯಿಂದ. 1804ರಲ್ಲಿ ಬರ್ಲಿನ್ ನಗರದ ಫಿಲಿಪ್ಸನ್ ಎಂಬ ಪ್ರಕಾಶಕ ಚೌಕುಳಿ ಕಾಗದದ ಮೇಲೆ ಮುದ್ರಿಸಿದ ಕಸೂತಿ ನಮೂನೆಗಳನ್ನು ಮಾರಾಟಕ್ಕೆ ತಂದ. 1810ರ ಸುಮಾರಿಗೆ ವಿಟಿಷ್ ಎಂಬಾತನೂ ಇದೇ ಕೆಲಸಕ್ಕೆ ಕೈಹಾಕಿದ. ಕಸೂತಿ ಬಲ್ಲ ಅವನ ಹೆಂಡತಿಯೇ ಇದಕ್ಕೆ ಪ್ರೇರಣೆ. ಕಾಗದದ ಒಂದು ಮನೆಗೆ ಬಟ್ಟೆಯಲ್ಲಿ ಒಂದು ಹೊಲಿಗೆ. ಪ್ರತಿ ಮನೆಗೂ ಕೈಯಿಂದ ಬಣ್ಣ ಹಚ್ಚಲಾಗುತ್ತಿತ್ತು. ಚಿತ್ರ ಬರೆಯಲು ಬಾರದವರೂ ಮನೆ ಎಣಿಸಿದರೆ ಸಾಕು, ಗುಲಾಬಿ ಅರಳುತ್ತಿತ್ತು!

1831ರಲ್ಲಿ ವಿಲ್ಕ್ಸ್ ಎಂಬ ಲಂಡನ್ ವ್ಯಾಪಾರಿ ಈ ನಮೂನೆಗಳನ್ನೂ ಬರ್ಲಿನ್ನಿನ ಮೃದುವಾದ ಉಣ್ಣೆಯನ್ನೂ ದೊಡ್ಡ ಪ್ರಮಾಣದಲ್ಲಿ ತರಿಸಿದ. ಮುಂದೆ ಮಹಿಳಾ ಪತ್ರಿಕೆಗಳೇ ನಮೂನೆ ಹಂಚತೊಡಗಿದವು. ಮಧ್ಯಮ ವರ್ಗದ ಮನೆಗಳಲ್ಲಿ ದಿಂಬು, ಕಾಲುಮಣೆ, ಚಪ್ಪಲಿಗಳ ಮೇಲೆಲ್ಲ ಹೂಗಳು, ಗಿಳಿಗಳು, ನಾಯಿಗಳು ಮೂಡಿದವು. 1856ರಲ್ಲಿ ವಿಲಿಯಂ ಪರ್ಕಿನ್ ಕೃತಕ ನೇರಳೆ ಬಣ್ಣ ಕಂಡುಹಿಡಿದ ಮೇಲೆ ಹೊಸ ರಾಸಾಯನಿಕ ಬಣ್ಣಗಳ ಉಣ್ಣೆಯೂ ಬಂದು, ಕಸೂತಿಯ ವರ್ಣಗಳು ಕಣ್ಣು ಕುಕ್ಕುವಂತಾದವು.

ಹಾಗೆಂದು ಕಲಿಯಲು ಏನೂ ಉಳಿಯಲಿಲ್ಲ ಎಂದಲ್ಲ. ಹೊಲಿಗೆಗಳೆಲ್ಲ ಒಂದೇ ದಿಕ್ಕಿಗೆ ಓರೆಯಾಗಿರಬೇಕು. ಒಂದು ತಿರುಗಿದರೂ ಎದ್ದು ಕಾಣುತ್ತದೆ. ಮುಖ ಒಂದೇ ಆದರೂ ಬೆನ್ನು ಬೇರೆ. ಹಿಂಬದಿಯಲ್ಲಿ ದಾರ ಚಿಕ್ಕದಾಗಿ ಹಾದರೆ ಉಣ್ಣೆ ಉಳಿಯುತ್ತದೆ, ಆದರೆ ಬಾಳಿಕೆ ಕಡಿಮೆ. ಉದ್ದಕ್ಕೆ ಓರೆಯಾಗಿ ಹಾದರೆ ಬಾಳಿಕೆ ಹೆಚ್ಚು, ಆದರೆ ಕ್ಯಾನ್ವಾಸ್ ಒಂದು ಬದಿಗೆ ಸೊಟ್ಟಗಾಗುತ್ತದೆ. ಸಾಲುಸಾಲಾಗಿ ಹೊಲಿಯುವ ಬದಲು ಮೂಲೆಯಿಂದ ಮೂಲೆಗೆ ಹೊಲಿದರೆ ಹಿಂಬದಿ ಬುಟ್ಟಿ ಹೆಣೆದಂತೆ ಕಾಣುತ್ತದೆ. ಬಟ್ಟೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಈ ಜಾಣ್ಮೆಯನ್ನು ಚೌಕುಳಿ ಹಾಳೆ ಹೇಳಿಕೊಡುತ್ತಿರಲಿಲ್ಲ, ಕೈಯೇ ಕಲಿಯಬೇಕಿತ್ತು.

ಆಕ್ಷೇಪಣೆಯೂ ಬಂತು. ಹೊಲಿಯುವವರು ಯಾರೋ ಬರೆದ ಚಿತ್ರವನ್ನು ನಕಲು ಮಾಡುವ ಯಂತ್ರಗಳಾಗಿದ್ದಾರೆ ಎಂದು ಟೀಕಾಕಾರರು ದೂರಿದರು. ಹಳೆಯ ಕಸೂತಿಯ ಹೊಲಿಗೆ ಬಿಚ್ಚಿ ನೋಡಿ ತಾನೇ ಕಲಿತ ವಿಲಿಯಂ ಮಾರಿಸ್ ಬೇರೆಯೇ ದಾರಿ ತೋರಿಸಿದ. 1872ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಸೂಜಿ ಕಲೆಯ ಶಾಲೆಗೆ ಅವನೂ ವಿನ್ಯಾಸ ಮಾಡಿಕೊಟ್ಟ. ಶತಮಾನದ ಕೊನೆಯ ಹೊತ್ತಿಗೆ ಬರ್ಲಿನ್ ಕಸೂತಿಯ ಭರಾಟೆ ಇಳಿದಿತ್ತು. ಆದರೆ ಒಂದು ಮಾತು ಟೀಕಾಕಾರರಿಗೆ ಹೊಳೆದಂತಿಲ್ಲ. ಚಿತ್ರಕಾರನನ್ನು ಕರೆಸಲಾಗದ ಲಕ್ಷಾಂತರ ಹೆಂಗಸರಿಗೆ ಬಣ್ಣದ ಜೊತೆ ಒಡನಾಟ ದೊರೆತದ್ದು ಈ ಹಾಳೆಯಿಂದಲೇ.

ಮನೆ ಎಣಿಸುವ ಈ ವಿದ್ಯೆ ಕನ್ನಡನಾಡಿಗೆ ಅಪರಿಚಿತವಲ್ಲ. ಧಾರವಾಡ ಸೀಮೆಯ ಕಸೂತಿಯ ಗವಂತಿ, ಮುರ್ಗಿ, ನೇಯ್ಗೆ, ಮೆಂಥಿ ಎಂಬ ನಾಲ್ಕು ಹೊಲಿಗೆಗಳೂ ಸೀರೆಯ ಎಳೆ ಎಣಿಸಿಯೇ ನಡೆಯುತ್ತವೆ. ಇಲ್ಲಿ ಗೋಪುರ, ತುಳಸಿಕಟ್ಟೆ, ಆನೆಗಳ ಲೆಕ್ಕ ಅಜ್ಜಿಯ ನೆನಪಿನಲ್ಲಿರುತ್ತಿತ್ತು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದಳು. ಕೈಯಿಂದ ಕೈಗೆ ದಾಟುವಾಗ ಗೋಪುರಕ್ಕೆ ಒಂದು ಮೆಟ್ಟಿಲು ಹೆಚ್ಚಾಗುವ ಅವಕಾಶವೂ ಇತ್ತು, ಅಜ್ಜಿಯೊಂದಿಗೆ ಲೆಕ್ಕವೇ ಹೋಗಿಬಿಡುವ ಅಪಾಯವೂ ಇತ್ತು.

ಇಂದು ಕಸೂತಿಯ ನಮೂನೆಗಳೂ ಗ್ರಾಫ್ ಹಾಳೆಗೆ ಇಳಿದಿವೆ. ಇದರಿಂದ ವಿನ್ಯಾಸ ಉಳಿಯುತ್ತದೆ, ಅಜ್ಜಿಯಿಲ್ಲದ ಮನೆಯ ಹುಡುಗಿಯೂ ಕಲಿಯಬಹುದು. ಹಾಳೆಯಲ್ಲಿರುವುದನ್ನೇ ಕೊನೆಯ ಮಾತೆಂದು ಭಾವಿಸದೆ, ಒಂದೆರಡು ಮನೆ ತಾವೇ ಸೇರಿಸುವ ಧೈರ್ಯ ಮಾತ್ರ ಕಲಿಯುವವರಲ್ಲಿರಬೇಕು.