ಊದುಕುಲುಮೆಗೆ ಕಲ್ಲಿದ್ದಲು ಬೇಕಿರುವುದು ಬರೀ ಶಾಖಕ್ಕಾ?

ಹೇಳಿಕೆ: “ಕಬ್ಬಿಣದ ಕಾರ್ಖಾನೆಯಲ್ಲಿ ಕಲ್ಲಿದ್ದಲು ಉರಿಸುವುದು ಶಾಖಕ್ಕಾಗಿ ಮಾತ್ರ. ಸೋಲಾರ್ ಕರೆಂಟಿನಿಂದ ಕಾಯಿಸಿದರೆ ಮಾಲಿನ್ಯವೇ ಇರುವುದಿಲ್ಲ.”

ಸತ್ಯಾಂಶ: ಇದು ಅರ್ಧ ಸತ್ಯ.

ಕುಲುಮೆಯೊಳಗೆ ಏನಾಗುತ್ತದೆ?

ಅದಿರು ಎಂದರೆ ಆಮ್ಲಜನಕದ ಜೊತೆ ಕೂಡಿಕೊಂಡ ಕಬ್ಬಿಣ. ಹೆಮಟೈಟ್ ಅದಿರಿನಲ್ಲಿ 1 ಟನ್ ಕಬ್ಬಿಣಕ್ಕೆ ಸುಮಾರು 430 ಕೆಜಿ ಆಮ್ಲಜನಕ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದೇ ದೊಡ್ಡ ಕೆಲಸ.

ಊದುಕುಲುಮೆಗೆ, ಅಂದರೆ ಬ್ಲಾಸ್ಟ್ ಫರ್ನೇಸಿಗೆ, ಮೇಲಿನಿಂದ ಅದಿರು, ಸುಣ್ಣದ ಕಲ್ಲು ಮತ್ತು ಕೋಕ್ ಸುರಿಯುತ್ತಾರೆ. ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲೇ ಕೋಕ್. ಕೆಳಗಿನಿಂದ ಬಿಸಿಗಾಳಿ ಊದಿದಾಗ ಕೋಕ್ ಉರಿದು 2000 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಹುಟ್ಟುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಹುಟ್ಟುತ್ತದೆ. ಈ ಅನಿಲ ಮೇಲೇರುತ್ತಾ ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅಂದರೆ ಕೋಕ್ ಉರುವಲೂ ಹೌದು, ಕಚ್ಚಾವಸ್ತುವೂ ಹೌದು. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕುಲುಮೆಗೆ ಕೋಕ್ ಬದಲು ಸೌದೆಯ ಇದ್ದಿಲು ಹಾಕುತ್ತಿದ್ದರು. ಅದೂ ಇಂಗಾಲವೇ!

ಶಾಖ ಉಳಿಸಿದರೆ ಇಂಧನ ಉಳಿಯುವುದಿಲ್ಲವೇ?

ಖಂಡಿತ ಉಳಿಯುತ್ತದೆ. ಚಳಿಗಾಲದಲ್ಲಿ ಕುಲುಮೆ ಚೆನ್ನಾಗಿ ನಡೆಯುವುದನ್ನು ಕಂಡು, ತಣ್ಣನೆಯ ಗಾಳಿಯೇ ಒಳ್ಳೆಯದೆಂದು ಹಿಂದೆ ನಂಬಿದ್ದರು. ನಿಜವಾದ ಕಾರಣ, ಚಳಿಗಾಲದ ಗಾಳಿಯಲ್ಲಿ ತೇವಾಂಶ ಕಡಿಮೆ. 1828ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬೋಮಾಂಟ್ ನೀಲ್ಸನ್ ಗಾಳಿಯನ್ನು ಕಾಯಿಸಿ ಊದುವ ವಿಧಾನಕ್ಕೆ ಪೇಟೆಂಟ್ ಪಡೆದರು. ಗ್ಲಾಸ್ಗೋ ಬಳಿಯ ಕ್ಲೈಡ್ ಕಾರ್ಖಾನೆಯಲ್ಲಿ 1 ಟನ್ ಕಬ್ಬಿಣಕ್ಕೆ ಬೇಕಾಗುತ್ತಿದ್ದ ಕಲ್ಲಿದ್ದಲು ಸುಮಾರು 8 ಟನ್ನಿನಿಂದ 5 ಟನ್ನಿಗೆ ಇಳಿಯಿತು.

ಇಂದು ಕುಲುಮೆಯಿಂದ ಹೊರಬರುವ ಅನಿಲವನ್ನೇ ಉರಿಸಿ, ಊದುವ ಗಾಳಿಯನ್ನು 1000 ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಕೋಕ್ ಮತ್ತು ಕಲ್ಲಿದ್ದಲು ಪುಡಿ ಸೇರಿ 1 ಟನ್ನಿಗೆ ಸುಮಾರು 500 ಕೆಜಿ ಸಾಕು. ಆದರೆ ಇದನ್ನು ಸೊನ್ನೆಗೆ ಇಳಿಸಲಾಗದು. ಶಾಖವನ್ನು ಬೇರೆ ಕಡೆಯಿಂದ ತಂದರೂ ಆಮ್ಲಜನಕ ಕೀಳಲು ಇಂಗಾಲ ಬೇಕೇ ಬೇಕು.

ಹಾಗಾದರೆ ಸತ್ಯದ ಅರ್ಧ ಎಲ್ಲಿದೆ?

ಗುಜರಿ ಕಬ್ಬಿಣದಲ್ಲಿದೆ. ಅದರ ಆಮ್ಲಜನಕವನ್ನು ಮೊದಲೇ ತೆಗೆದಿರುವುದರಿಂದ ವಿದ್ಯುತ್ ಕುಲುಮೆಯಲ್ಲಿ ಕರಗಿಸಬಹುದು. ಅದಿರಿಗಾದರೆ ಹೈಡ್ರೋಜನ್ ಒಂದು ದಾರಿ. ಅದು ಆಮ್ಲಜನಕದೊಂದಿಗೆ ಸೇರಿದರೆ ನೀರಾಗುತ್ತದೆ. ಸ್ವೀಡನ್ನಿನ ಹೈಬ್ರಿಟ್ ಯೋಜನೆ 2021ರಲ್ಲಿ ಹೀಗೆ ಕಬ್ಬಿಣ ತಯಾರಿಸಿ ತೋರಿಸಿತು. ಆದರೆ ಅದು ಊದುಕುಲುಮೆಯಲ್ಲ, ಬೇರೆಯೇ ವಿಧಾನ.

ಶೇರ್ ಮಾಡುವ ಮುನ್ನ

ಕಾರ್ಖಾನೆಯ ಚಾವಣಿಯಲ್ಲಿ ಸೋಲಾರ್ ಹಾಕಿದ ಮಾತ್ರಕ್ಕೆ ಅಲ್ಲಿನದು ‘ಹಸಿರು ಉಕ್ಕು’ ಆಗುವುದಿಲ್ಲ. ಅಂಥ ಸಂದೇಶ ಬಂದರೆ ಒಂದೇ ಪ್ರಶ್ನೆ ಕೇಳಿ: ಅದಿರಿನ ಆಮ್ಲಜನಕವನ್ನು ಯಾವುದರಿಂದ ತೆಗೆಯುತ್ತಾರೆ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ ಎಂಬುದು ನಮ್ಮ ಮನವಿ.