ಕಡಿಮೆ ಶಕ್ತಿಯ ಹವ್ಯಾಸಿ ಬಾನುಲಿ ಮತ್ತು ಮನೆಯಲ್ಲೇ ರಚಿಸಬಹುದಾದ ಆಂಟೆನಾಗಳು

ಹ್ಯಾಮ್ ರೇಡಿಯೋ ಎಂದೇ ಜನಪ್ರಿಯವಾಗಿರುವ ಹವ್ಯಾಸಿ ಬಾನುಲಿಯು ಹಣಗಳಿಕೆಯ ಉದ್ದೇಶವಿಲ್ಲದೆ, ಸ್ವಂತ ಕಲಿಕೆ, ತಾಂತ್ರಿಕ ಪ್ರಯೋಗ ಹಾಗೂ ಪರಸ್ಪರ ಸಂಪರ್ಕಕ್ಕಾಗಿ ವ್ಯಕ್ತಿಗಳು ನಡೆಸುವ ನಿಸ್ತಂತು ಸೇವೆಯಾಗಿದೆ. ಇದಕ್ಕೆ ದುಬಾರಿ ಉಪಕರಣ ಮತ್ತು ಎತ್ತರದ ಗೋಪುರ ಅನಿವಾರ್ಯವೆಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದೆ. ವಾಸ್ತವದಲ್ಲಿ 5 ವ್ಯಾಟ್ ಶಕ್ತಿಯ ಒಂದು ಪ್ರೇಷಕ, 20 ಮೀಟರ್ ತಾಮ್ರದ ತಂತಿ ಮತ್ತು 12 ವೋಲ್ಟ್ ಬ್ಯಾಟರಿ ಇದ್ದಲ್ಲಿ ನೂರಾರು ಕಿಲೋಮೀಟರ್ ದೂರದ ಕೇಂದ್ರಗಳೊಡನೆ ಸಂಭಾಷಿಸಬಹುದಾಗಿದೆ.

ಪರವಾನಗಿ

ಶಕ್ತಿ ಕಡಿಮೆ ಎಂಬ ಕಾರಣಕ್ಕೆ ಯಾವ ವಿನಾಯಿತಿಯೂ ಇರುವುದಿಲ್ಲ. ಅರ್ಧ ವ್ಯಾಟ್‌ನ ಪ್ರೇಷಕಕ್ಕೂ ಪರವಾನಗಿ ಕಡ್ಡಾಯ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವು ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಪರವಾನಗಿ ಹಾಗೂ ಕರೆಸಂಕೇತ ನೀಡುತ್ತದೆ. ಭಾರತೀಯ ಹವ್ಯಾಸಿಗಳ ಕರೆಸಂಕೇತಗಳು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಆರಂಭವಾಗುತ್ತವೆ. ಯಾವ ಕಂಪನಾಂಕದಲ್ಲಿ, ಯಾವ ವಿಧಾನದಲ್ಲಿ ಪ್ರಸಾರ ಮಾಡಬಹುದೆಂಬುದು ಪರವಾನಗಿಯ ದರ್ಜೆಯನ್ನು ಅವಲಂಬಿಸಿದೆ. ಪರವಾನಗಿ ದೊರೆಯುವವರೆಗೆ ಆಸಕ್ತರು ಮುಂದೆ ವಿವರಿಸಿರುವ ತಂತಿಯನ್ನೇ ಕಟ್ಟಿ ಹವ್ಯಾಸಿಗಳ ಸಂಭಾಷಣೆಯನ್ನು ಆಲಿಸುವ ಅಭ್ಯಾಸ ಮಾಡುವುದು ಉತ್ತಮ. ಆಲಿಸಲು ಬಾರದವನಿಗೆ ಕಡಿಮೆ ಶಕ್ತಿಯ ಪ್ರೇಷಕ ಕೊಟ್ಟರೂ ಪ್ರಯೋಜನವಿಲ್ಲ.

ಕಡಿಮೆ ಶಕ್ತಿ ಎಂದರೆಷ್ಟು?

ಕಡಿಮೆ ಶಕ್ತಿಯ ಪ್ರಸಾರವನ್ನು ಹವ್ಯಾಸಿಗಳು ಕ್ಯೂಆರ್‌ಪಿ ಎನ್ನುತ್ತಾರೆ. ಮೋರ್ಸ್ ಸಂಕೇತದಲ್ಲಿ 5 ವ್ಯಾಟ್, ಧ್ವನಿ ಪ್ರಸಾರದಲ್ಲಿ ಗರಿಷ್ಠ 10 ವ್ಯಾಟ್ ಎಂಬುದು ರೂಢಿಯಲ್ಲಿರುವ ಮಿತಿ. ಸಾಮಾನ್ಯ ಕೇಂದ್ರದ 100 ವ್ಯಾಟ್‌ಗೆ ಹೋಲಿಸಿದರೆ ಇದು ಇಪ್ಪತ್ತನೆಯ ಒಂದು ಭಾಗ. ಆದರೆ ಕೇಳುವವರ ಕಡೆ ಈ ಅಂತರ ಅಷ್ಟು ದೊಡ್ಡದಾಗಿರುವುದಿಲ್ಲ. 100 ವ್ಯಾಟ್‌ನಿಂದ 5 ವ್ಯಾಟ್‌ಗೆ ಇಳಿದಾಗ ಆಗುವ ನಷ್ಟ 13 ಡೆಸಿಬಲ್. ಗ್ರಾಹಕದ ಮಾಪಕದಲ್ಲಿ ಒಂದು ಅಂಕವೆಂದರೆ 6 ಡೆಸಿಬಲ್. ಅಂದರೆ, ಎಸ್-9 ಎಂದು ಕೇಳಿಬರುತ್ತಿದ್ದ ಸಂಕೇತವು ಎಸ್-7ಕ್ಕಿಂತ ತುಸು ಕೆಳಗಿಳಿಯುತ್ತದೆ, ಅಷ್ಟೇ.

ಇಷ್ಟೇ ಪ್ರಮಾಣದ ನಷ್ಟ, ಕೆಲವೊಮ್ಮೆ ಇದಕ್ಕೂ ಹೆಚ್ಚು, ಕೆಟ್ಟ ಆಂಟೆನಾದಲ್ಲಿ ಯಾರ ಗಮನಕ್ಕೂ ಬಾರದೆ ಆಗುತ್ತಿರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಒಂದೂವರೆ ಮೀಟರ್ ಉದ್ದದ ಕಡ್ಡಿಯ ವಿಕಿರಣ ರೋಧವು ಸುಮಾರು ಅರ್ಧ ಓಮ್ ಮಾತ್ರ. ಸುರುಳಿ ಮತ್ತು ನೆಲದ ರೋಧ ಸೇರಿ 10 ಓಮ್ ಇದ್ದರೆ ಪ್ರೇಷಕದ 5 ವ್ಯಾಟ್‌ನಲ್ಲಿ ಕಾಲು ವ್ಯಾಟ್‌ನಷ್ಟು ಮಾತ್ರ ಆಕಾಶಕ್ಕೆ ಸೇರಿ, ಉಳಿದುದು ಶಾಖವಾಗಿ ವ್ಯರ್ಥವಾಗುತ್ತದೆ. ಆದ್ದರಿಂದ ಹೆಚ್ಚು ಶಕ್ತಿಯ ಪ್ರೇಷಕಕ್ಕೆ ಹಣ ತೆರುವ ಮೊದಲು ತಂತಿಯ ಕಡೆ ಗಮನ ಹರಿಸುವುದು ವಿವೇಕದ ಮಾರ್ಗ.

ಅರ್ಧತರಂಗ ಡೈಪೋಲ್

ಮನೆಯಲ್ಲಿ ರಚಿಸಬಹುದಾದ ಆಂಟೆನಾಗಳಲ್ಲಿ ಡೈಪೋಲ್‌ಗೆ ಅಗ್ರಸ್ಥಾನ. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ ಭಾಗಿಸಿದರೆ ಅದರ ಒಟ್ಟು ಉದ್ದ ಮೀಟರ್‌ಗಳಲ್ಲಿ ದೊರೆಯುತ್ತದೆ. 7.050 ಮೆಗಾಹರ್ಟ್ಸ್‌ಗೆ ಇದು ಸುಮಾರು 20.3 ಮೀಟರ್, ಅಂದರೆ ಮಧ್ಯಬಿಂದುವಿನ ಎರಡೂ ಕಡೆಗೆ ತಲಾ 10.15 ಮೀಟರ್. ಮನೆಯ ವಿದ್ಯುತ್ ಜೋಡಣೆಗೆ ಬಳಸುವ ತಂತಿಯೇ ಸಾಕು. ಪ್ಲಾಸ್ಟಿಕ್ ಹೊದಿಕೆಯಿಂದಾಗಿ ಬೇಕಾಗುವ ಉದ್ದ ಸ್ವಲ್ಪ ಕಡಿಮೆಯಾಗುವುದುಂಟು. ಆದಾಗ್ಯೂ ಮೊದಲು ಉದ್ದವಾಗಿಯೇ ಕತ್ತರಿಸಿ, ಅಳತೆ ನೋಡುತ್ತಾ ತುದಿಗಳನ್ನು ಮಡಿಚುತ್ತಾ ಬರತಕ್ಕದ್ದು. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ.

ತುದಿಗಳಿಗೆ ಪಿವಿಸಿ ಕೊಳವೆಯ ತುಂಡುಗಳನ್ನು ಅವಾಹಕವಾಗಿ ಬಳಸಿ, ನೈಲಾನ್ ಹಗ್ಗದಿಂದ ತೆಂಗಿನ ಮರಕ್ಕೋ ಮಹಡಿಯ ಕಂಬಿಗೋ ಕಟ್ಟಬಹುದು. ಮರ ಗಾಳಿಗೆ ತೂಗುವುದರಿಂದ ಹಗ್ಗವನ್ನು ಬಿಗಿಯಾಗಿ ಎಳೆಯಬಾರದು. ಒಂದೇ ಆಸರೆ ಲಭ್ಯವಿದ್ದಲ್ಲಿ ಮಧ್ಯಭಾಗವನ್ನು ಮೇಲೇರಿಸಿ ಎರಡೂ ತುದಿಗಳನ್ನು ಕೆಳಕ್ಕೆ ಇಳಿಬಿಟ್ಟರೂ ಕೆಲಸವಾಗುತ್ತದೆ. ಪ್ರೇಷಕದಿಂದ ಆಂಟೆನಾಕ್ಕೆ ಕೇಬಲ್ ಟಿವಿಯ ಹಳೆಯ 75 ಓಮ್ ತಂತಿಯನ್ನೂ ಉಪಯೋಗಿಸಬಹುದು. ಅದರ ಹೊರಜಾಲರಿ ಹೆಚ್ಚಾಗಿ ಅಲ್ಯೂಮಿನಿಯಂನದಾಗಿದ್ದು ಬೆಸುಗೆ ಹಿಡಿಯುವುದಿಲ್ಲವಾದ್ದರಿಂದ ತಿರುಪು ಅಥವಾ ಕ್ಲಿಪ್‌ನಿಂದ ಬಿಗಿಗೊಳಿಸಬೇಕು.

145 ಮೆಗಾಹರ್ಟ್ಸ್‌ಗೆ ಕಾಲುತರಂಗದ ಉದ್ದ 49 ಸೆಂಟಿಮೀಟರ್ ಮಾತ್ರ. ಹಳೆಯ ಕೊಡೆಯ ಐದು ಕಡ್ಡಿಗಳನ್ನು ಈ ಅಳತೆಗೆ ಕತ್ತರಿಸಿ, ಒಂದನ್ನು ನೇರವಾಗಿ, ನಾಲ್ಕನ್ನು ಕೆಳಮುಖವಾಗಿ ಓರೆಯಾಗಿ ಜೋಡಿಸಿದರೆ ಆಂಟೆನಾ ಸಿದ್ಧ. ಈ ಕಂಪನಾಂಕದಲ್ಲಿ ಉದ್ದನೆಯ ತೆಳು ಕೇಬಲ್ ಬಳಸಿದರೆ ಶಕ್ತಿಯ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಕರಗಿಹೋಗಬಹುದು.

ಮಲೆನಾಡಿನ ಸಂದರ್ಭ

ತಂತಿ ಎತ್ತರದಲ್ಲಿದ್ದಷ್ಟೂ ಉತ್ತಮ ಎಂಬ ಮಾತು ದೂರದೇಶಗಳ ಸಂಪರ್ಕಕ್ಕೆ ನಿಜ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ, ವಿದ್ಯುತ್ ಮತ್ತು ಮೊಬೈಲ್ ಸಂಪರ್ಕ ಏಕಕಾಲಕ್ಕೆ ಕಡಿದುಹೋದ ಊರಿಗೆ ಬೇಕಾಗಿರುವುದು ಪಕ್ಕದ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದ ಸಂಪರ್ಕ. 145 ಮೆಗಾಹರ್ಟ್ಸ್‌ನ ಕೈ ಉಪಕರಣದ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಪಶ್ಚಿಮಘಟ್ಟದ ಒಂದು ಗುಡ್ಡವೇ ಅವುಗಳಿಗೆ ಗೋಡೆಯಾಗುತ್ತದೆ. ಇಂತಹ ಸನ್ನಿವೇಶದಲ್ಲಿ 7 ಮೆಗಾಹರ್ಟ್ಸ್‌ನ ಡೈಪೋಲನ್ನು ಕೇವಲ 5–6 ಮೀಟರ್ ಎತ್ತರದಲ್ಲಿ ಕಟ್ಟಿದರೆ ಶಕ್ತಿಯ ಬಹುಪಾಲು ನೆತ್ತಿಯ ಕಡೆಗೆ ಹೊರಟು, ಅಯಾನುಗೋಳದಿಂದ ಪ್ರತಿಫಲಿಸಿ, ಗುಡ್ಡಗಳಾಚೆ ಸುಮಾರು 400 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಳೆಯಂತೆ ಇಳಿಯುತ್ತದೆ. ಬೆಂಗಳೂರಿಗೆ ಹುಬ್ಬಳ್ಳಿ, ಮಂಗಳೂರುಗಳು ಈ ವ್ಯಾಪ್ತಿಯೊಳಗೇ ಬರುತ್ತವೆ. ಹಗಲಿನಲ್ಲಿ ಈ ವಿಧಾನ ಚೆನ್ನಾಗಿ ಒದಗಿಬರುತ್ತದೆ. ರಾತ್ರಿ ಅಯಾನುಗೋಳದ ಸಾಂದ್ರತೆ ತಗ್ಗಿದಾಗ ಸಮೀಪದ ಕೇಂದ್ರಗಳು ಮಾಯವಾಗುವುದುಂಟು. ಆಗ 80 ಮೀಟರ್ ಬ್ಯಾಂಡ್‌ಗೆ ಇಳಿಯಬೇಕು, ಅದಕ್ಕೆ ಇಮ್ಮಡಿ ಉದ್ದದ ತಂತಿ ಬೇಕು.

ವಿದ್ಯುತ್ತಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳತಕ್ಕದ್ದು. 5 ವ್ಯಾಟ್‌ನ ಸರಳ ಉಪಕರಣವು ಪ್ರಸಾರದಲ್ಲಿ ಸುಮಾರು 1.2 ಆಂಪಿಯರ್, ಆಲಿಸುವಾಗ 0.2 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಕಾಲುಭಾಗ ಸಮಯ ಮಾತ್ರ ಪ್ರಸಾರ ಮಾಡಿದರೆ ಸರಾಸರಿ 0.45 ಆಂಪಿಯರ್. 7 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ ಏಳು ಗಂಟೆಗೂ ಹೆಚ್ಚು ಕಾಲ ಕೇಂದ್ರ ನಡೆಯುತ್ತದೆ. 100 ವ್ಯಾಟ್‌ನ ಉಪಕರಣಕ್ಕೆ ಇದೇ ಬ್ಯಾಟರಿ ಹೆಚ್ಚು ಹೊತ್ತು ಬಾಳದು. 2004ರ ಡಿಸೆಂಬರ್ 26ರ ಸುನಾಮಿಯ ವೇಳೆ ಹವ್ಯಾಸಿ ಪ್ರಸಾರಕ್ಕೆಂದು ಅಂದಿನ ಪೋರ್ಟ್ ಬ್ಲೇರ್‌ನಲ್ಲಿದ್ದ ಶ್ರೀಮತಿ ಭಾರತಿ ಪ್ರಸಾದ್ ಮತ್ತು ಅವರ ತಂಡದವರು ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದ್ದನ್ನು ಇಲ್ಲಿ ಸ್ಮರಿಸಬಹುದು. ಶಕ್ತಿ ಎಷ್ಟೇ ಇರಲಿ, ಹೊರಗಿನ ಜಾಲವನ್ನು ನೆಚ್ಚಿಕೊಳ್ಳದ ಉಪಕರಣಕ್ಕೆ ಅಂತಹ ಗಳಿಗೆಯಲ್ಲಿ ಬೆಲೆ ಬರುತ್ತದೆ.

ದಿನನಿತ್ಯದ ಪ್ರಯೋಗಗಳು

ಉಪಕರಣವನ್ನು ಸ್ವತಃ ಜೋಡಿಸಲು ಇಚ್ಛಿಸುವವರಿಗೆ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು 2003ರಲ್ಲಿ ರೂಪಿಸಿದ ಬಿಟ್‌ಎಕ್ಸ್ ಉತ್ತಮ ಮಾದರಿ. 14 ಮೆಗಾಹರ್ಟ್ಸ್‌ನ ಈ ಉಪಕರಣದ ಮೂಲ ವಿನ್ಯಾಸದಲ್ಲಿ ಸುರುಳಿ ಸುತ್ತಲು ನಲ್ಲಿಯ ವಾಷರ್‌ಗಳನ್ನು ಬಳಸಲಾಗಿತ್ತು. ಜೋಡಿಸಿದ ಉಪಕರಣವನ್ನು ಆಂಟೆನಾವಿಲ್ಲದೆ ಪರೀಕ್ಷಿಸಲು 1 ಕಿಲೋಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್‌ಗಳನ್ನು ಇಪ್ಪತ್ತರಂತೆ ಸಮಾಂತರವಾಗಿ ಬೆಸೆದರೆ 50 ಓಮ್, 10 ವ್ಯಾಟ್‌ನ ಭಾರ ದೊರೆಯುತ್ತದೆ. ಸ್ಟ್ಯಾಂಡಿಂಗ್ ವೇವ್ ಮಾಪಕವು ಈ ಭಾರಕ್ಕೆ ಪರಿಪೂರ್ಣ ಅಂಕ ತೋರಿಸುತ್ತದೆ, ಆದರೆ ಇದರಿಂದ ಸಂಕೇತ ಓಣಿಯನ್ನೂ ದಾಟುವುದಿಲ್ಲ! ಮಾಪಕದ ಅಂಕ ಚೆನ್ನಾಗಿರುವುದು ಆಂಟೆನಾ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲವೆಂಬುದನ್ನು ಹೊಸಬರು ಗಮನಿಸತಕ್ಕದ್ದು.

ನೈಜ ಸಾಕ್ಷಿ ದೂರದ ಕಿವಿಯಲ್ಲಿದೆ. ಪರಿಚಿತ ಕೇಂದ್ರದೊಡನೆ ಮಾತನಾಡುತ್ತಾ ತಂತಿಯನ್ನು 3 ಮೀಟರ್‌ನಿಂದ 8 ಮೀಟರ್‌ಗೆ ಏರಿಸಿ ವರದಿ ಕೇಳಬಹುದು. ಒಂದೇ ದಿನದ ವರದಿಯನ್ನು ನಂಬಲಾಗದು, ಏಕೆಂದರೆ ಅಯಾನುಗೋಳ ನಿಮಿಷದಿಂದ ನಿಮಿಷಕ್ಕೆ ಬದಲಾಗುತ್ತದೆ; ಒಂದು ವಾರ ಅದೇ ವೇಳೆಗೆ ಪುನರಾವರ್ತಿಸಿ ದಿನಚರಿಯಲ್ಲಿ ಬರೆದಿಡಬೇಕು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಜೋ ಟೇಲರ್ 2008ರಲ್ಲಿ ಪ್ರಕಟಿಸಿದ ವಿಸ್ಪರ್ ವಿಧಾನದಲ್ಲಿ 200 ಮಿಲಿವ್ಯಾಟ್‌ನ ಸಂಕೇತವೂ ಸಾವಿರಾರು ಕಿಲೋಮೀಟರ್ ದೂರದಲ್ಲಿ ದಾಖಲಾಗುವುದುಂಟು.

ಸುರಕ್ಷತೆ

ತಂತಿಯನ್ನು ಯಾವುದೇ ಕಾರಣಕ್ಕೂ ವಿದ್ಯುತ್ ಮಾರ್ಗದ ಮೇಲೆ, ಕೆಳಗೆ ಅಥವಾ ತುಂಡಾದರೆ ತಗಲುವಷ್ಟು ಸಮೀಪದಲ್ಲಿ ಎಳೆಯತಕ್ಕದ್ದಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಮರದ ಮೇಲೆ ಎಸೆಯುವಾಗ ಆಚೆ ಬದಿಯಲ್ಲಿ ಏನಿದೆಯೆಂದು ಮೊದಲು ನೋಡಿಕೊಳ್ಳಬೇಕು. ಏಪ್ರಿಲ್–ಮೇ ತಿಂಗಳುಗಳ ಗುಡುಗು ಮಳೆಯ ಅವಧಿಯಲ್ಲಿ, ಬಳಕೆಯಲ್ಲಿಲ್ಲದಾಗ ಕೇಬಲನ್ನು ಉಪಕರಣದಿಂದ ಬಿಡಿಸಿ ಮನೆಯ ಹೊರಗಿಡತಕ್ಕದ್ದು. ಗುಡುಗು ಕೇಳಿಸಿದ ನಂತರ ಅದನ್ನು ಬಿಡಿಸಲು ಹೋಗುವುದು ಅಪಾಯಕರ.